ಒಂಬತ್ತನೇ ಜಾಗದ ಗುಂಡಿ ಕಿತ್ತ ಹೆಬ್ಬಾತಿನವರಿಗೆ

ಶ್ರೀ ಬಿಳಿ ಹೆಬ್ಬಾತಿನವರ ಸನ್ನಿಧಾನಕ್ಕೆ,
ಕೆರೆದಂಡೆಯ ಉದ್ಯಾನ, ಒಂಬತ್ತನೇ ಡೇರೆ ಜಾಗದ ಎದುರು, ನಲ್ಲಿಯ ಪಕ್ಕದ ಕೆಸರು.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರಗಳು. ಅವು ಕಿತ್ತಳೆ ಬಣ್ಣದವು, ಅಗಲವಾದವು, ನಾನು ಒಗೆದು ಹುಲ್ಲಿನ ಮೇಲೆ ಹರವಿದ ಟವೆಲ್ಲಿನಲ್ಲಿ ಅವುಗಳ ಅಚ್ಚು ಇಂದಿಗೂ ಇದೆ. ಎರಡು ಸಲ ಕುದಿಸಿದರೂ ಹೋಗಿಲ್ಲವಾದ್ದರಿಂದ ಅದನ್ನು ತಮ್ಮ ಆಶೀರ್ವಾದವೆಂದೇ ತಿಳಿದುಕೊಂಡಿದ್ದೇನೆ. ಕಾಗದ ಬರೆಯುವಾಗ ಮೊದಲು ನಮ್ಮ ಕ್ಷೇಮ ತಿಳಿಸಿ ಆಮೇಲೆ ಅವರ ಕ್ಷೇಮ ಕೇಳಬೇಕು ಎಂದು ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಐದನೆಯದರಲ್ಲಿ ಏನು ಹೇಳಿಕೊಡುತ್ತಿದ್ದರೋ, ನಾನು ಅಷ್ಟು ದೂರ ಹೋಗಲಿಲ್ಲ. ಆದಕಾರಣ ತಿಳಿಸುವುದೇನೆಂದರೆ, ನಮ್ಮ ಯಜಮಾನರ ಎಡಗಾಲಿನ ಹೆಬ್ಬೆರಳೊಂದನ್ನು ಬಿಟ್ಟು ಮನೆಮಂದಿಯೆಲ್ಲ ಕ್ಷೇಮವಾಗಿದ್ದೇವೆ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ. ಎರಡು ದಿನ ಕಣ್ಣಾರೆ ಕಂಡಿದ್ದೇನೆ, ಆ ಉದ್ಯಾನದಲ್ಲಿ ತಮ್ಮಷ್ಟು ಕ್ಷೇಮವಾಗಿರುವ ಜೀವ ಇನ್ನೊಂದಿಲ್ಲ.

ತಮಗೆ ಓದು ಬರುವುದಿಲ್ಲ ಎಂದು ನಮ್ಮ ಅಳಿಯಂದಿರು ನನಗೆ ನೆನಪು ಮಾಡಿಕೊಟ್ಟರು. ಓದು ಬರುವ ಎಷ್ಟೋ ದೊಡ್ಡವರಿಗೆ ಕಾಗದ ಬರೆದು ಉತ್ತರ ಬಾರದೆ ಕೂತಿದ್ದೇನೆ, ಓದು ಬಾರದವರಿಗೆ ಬರೆದರೆ ನಷ್ಟವೇನು ಎಂದೆ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ. ಉದ್ಯಾನದ ಬಾಗಿಲ ಬಳಿ ನಲವತ್ತು ನಿಯಮಗಳ ಫಲಕವಿದೆಯಲ್ಲ, ಅದರ ಪಕ್ಕಕ್ಕೆ ಅಂಟಿಸುತ್ತೇವೆ. ಅಕ್ಷರ ಬಲ್ಲ ಪುಣ್ಯಾತ್ಮರು ಯಾರಾದರೂ ತಮ್ಮ ಮುಂದೆ ನಿಂತು ಗಟ್ಟಿಯಾಗಿ ಓದಲಿ. ಓದುವಾಗ ಅಂಗಿಯ ಗುಂಡಿಗಳ ಮೇಲೆ ಒಂದು ಕೈ ಇಟ್ಟುಕೊಂಡಿರಲಿ.

ಮೊದಲು ನಾವು ಯಾರು ಎಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಸೈಕಲ್ ರಿಪೇರಿಯವನಿಗೂ ಕ್ಷೌರದವನಿಗೂ ನಡುವೆ ಒಂದು ಬಾಗಿಲಗಲದ ದರ್ಜಿ ಅಂಗಡಿ ಇದೆ, ಅದು ನಮ್ಮದು. ನಲವತ್ತೊಂದು ವರ್ಷ ನಮ್ಮ ಯಜಮಾನರು ಬಟ್ಟೆ ಕತ್ತರಿಸಿದರು, ನಾನು ಕಾಜ ಹೊಲಿದು ಗುಂಡಿ ಹಾಕಿದೆ. ಕಾಜ ಎಂದರೆ ಗುಂಡಿ ತೂರುವ ಕಂಡಿ. ತಮಗೆ ಗುಂಡಿಯ ಪರಿಚಯ ಮಾತ್ರ ಇರುವುದರಿಂದ ಹೇಳಿದೆ. ಕಳೆದ ಚಳಿಗಾಲದಿಂದ ಯಜಮಾನರ ಬಲಗೈ ನಡುಗಲು ಶುರುವಾಯಿತು. ಒಂದು ದಿನ ಶಾಲೆಗೆ ಹೋಗುವ ಮಗುವಿನ ಚಡ್ಡಿಯ ಒಂದು ಕಾಲು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡವಾಗಿ ಬಂತು. ಆ ಮಗುವಿನ ತಾಯಿ ಒಳ್ಳೆಯವಳು, ಬೈಯಲಿಲ್ಲ, ನಕ್ಕಳು. ಬೈದಿದ್ದರೆ ನಮ್ಮವರು ತಿರುಗಿ ಬೈದು ಸುಮ್ಮನಾಗುತ್ತಿದ್ದರು. ನಕ್ಕದ್ದಕ್ಕೆ ಕತ್ತರಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಬಾಗಿಲು ಎಳೆದು, ಮನೆಗೆ ಬಂದು ಕುರ್ಚಿಯಲ್ಲಿ ಕೂತವರು ಮೂರು ವಾರ ಬಾಯಿ ಬಿಡಲಿಲ್ಲ. ನಾನು ಒಬ್ಬಳೇ ಎರಡು ಜನದ ಜಗಳ ಆಡಿ ನೋಡಿದೆ. ಊಹೂಂ.

ಅಪ್ಪನಿಗೆ ಗಾಳಿ ಬದಲಾದರೆ ಒಳ್ಳೆಯದು ಎಂದು ಆಸ್ಪತ್ರೆಯಲ್ಲಿ ದಾದಿಯಾಗಿರುವ ನಮ್ಮ ಮಗಳು ಹೇಳಿದಳು. ಆಕೆಯ ಗಂಡ, ಅಂದರೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ನಮ್ಮ ಅಳಿಯಂದಿರು, ತಮ್ಮ ಉದ್ಯಾನದಲ್ಲಿ ಎರಡು ದಿನಕ್ಕೆ ಒಂಬತ್ತನೇ ಜಾಗವನ್ನು ಕಾಯ್ದಿರಿಸಿ, ಡೇರೆಯನ್ನು ಅಲ್ಲೇ ಬಾಡಿಗೆಗೆ ಕೊಡುತ್ತಾರೆ ಎಂದರು. ಬಾಡಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕುರ್ಚಿಯಿಂದ ಮೂರು ವಾರದ ಮೇಲೆ ಮೊದಲ ಮಾತು ಬಂತು: "ಬಾಡಿಗೆ ಬಟ್ಟೇಲಿ ಮಲಗೋಕೆ ನಾವೇನು ದರ್ಜಿಗಳಾ, ದಾರಿಹೋಕರಾ?" ಅಷ್ಟು ಹೇಳಿ ಎದ್ದು, ಅಂಗಡಿಗೆ ಹೋಗಿ ಮೊಳೆಯಿಂದ ಕತ್ತರಿ ಇಳಿಸಿದರು. ಹಿಂದೆಯೇ ಹೋದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಸಿರು ಬಿಟ್ಟರೆ ಎಲ್ಲಿ ಕತ್ತರಿ ಮತ್ತೆ ಮೊಳೆಗೆ ಹೋಗುತ್ತದೋ ಎಂದು ಸುಮ್ಮನಿದ್ದೆವು.

ಆ ಸುಮ್ಮನಿದ್ದದ್ದೇ ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಏಕೆಂದರೆ ಮಾನ್ಯರೇ, ಅವರಿಗೆ ಗೊತ್ತಿದ್ದ ವಿದ್ಯೆ ಒಂದೇ, ಅದು ಅಳತೆ ತೆಗೆದು ಹೊಲಿಯುವುದು. ಆದ್ದರಿಂದ ಡೇರೆಗೂ ನಮ್ಮೆಲ್ಲರ ಅಳತೆ ತೆಗೆದರು. ಅಂಗಡಿಯ ನೆಲದ ಮೇಲೆ ನಮ್ಮನ್ನು ಸಾಲಾಗಿ ಮಲಗಿಸಿ ಭುಜದಗಲ, ನೆತ್ತಿಯಿಂದ ಹಿಮ್ಮಡಿವರೆಗಿನ ಉದ್ದ, ಮಗಳಿಗೆ ಬೇರೆ, ಅಳಿಯನಿಗೆ ಬೇರೆ, ಏಳು ವರ್ಷದ ಮೊಮ್ಮಗಳಿಗೆ ಬೇರೆ, ನನಗೆ ಬೇರೆ, ಎಲ್ಲವನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡರು. "ಮಾವ, ಟೆಂಟಿಗೆ ಎದೆ ಸುತ್ತಳತೆ ಯಾಕೆ?" ಎಂದು ಅಳಿಯಂದಿರು ನೆಲದಿಂದಲೇ ಕೇಳಿದರು. "ಮಾತಾಡ್ಬೇಡಿ, ಎದೆ ಉಬ್ಬುತ್ತೆ, ಅಳತೆ ತಪ್ಪುತ್ತೆ" ಎಂದು ಉತ್ತರ ಬಂತು.

ಹೀಗೆ ತಯಾರಾದ ಡೇರೆಯನ್ನು ತಾವು ನೋಡಿದ್ದೀರಿ, ತಾವು ನೋಡಿದಷ್ಟು ಹತ್ತಿರದಿಂದ ಯಾರೂ ನೋಡಿಲ್ಲ. ಶಾಲಾ ಚಡ್ಡಿಗಳಿಗೆಂದು ತಂದು ಉಳಿದಿದ್ದ ದಪ್ಪ ಖಾಕಿ ಬಟ್ಟೆ, ಒಳಗೆ ಪಟ್ಟೆಪಟ್ಟೆಯ ಪೈಜಾಮ ಬಟ್ಟೆಯ ಅಸ್ತರು, ಮಳೆ ನೀರು ಇಳಿಯದಂತೆ ಹೊಲಿಗೆಯ ಮೇಲೆಲ್ಲ ಮೇಣದಬತ್ತಿ ತೀಡಿದ್ದು, ನೆತ್ತಿಯಲ್ಲಿ ಗಾಳಿಗೆ ಒಂದು ಕಾಲರು, ಎರಡು ಕಡೆ ಜೇಬು. ಬಾಗಿಲಿಗೆ ಜಿಪ್ಪು ಹಾಕಲಿಲ್ಲ. ನಮ್ಮವರು ಜೀವಮಾನದಲ್ಲಿ ಜಿಪ್ಪು ನಂಬಿದವರಲ್ಲ. ಗುಂಡಿ ಒಂದು ಹೋದರೆ ಇನ್ನೊಂದು ಮಾನ ಕಾಯುತ್ತದೆ, ಜಿಪ್ಪು ಕೈಕೊಟ್ಟರೆ ಎಲ್ಲ ಒಟ್ಟಿಗೆ ಹೋಗುತ್ತದೆ, ಆದ್ದರಿಂದ ಜಿಪ್ಪು ಹಾಕಿಸಿಕೊಳ್ಳುವುದು ಮಾನದ ಚಿಂತೆ ಇಲ್ಲದವರು ಎಂಬುದು ಅವರ ಸಿದ್ಧಾಂತ. ಬಾಗಿಲಿಗೆ ಹತ್ತೊಂಬತ್ತು ಕಾಜ ನಾನೇ ಹೊಲಿದೆ, ಅಂಗಡಿಯ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಕೋಟುಗಳ ಹತ್ತೊಂಬತ್ತು ಗುಂಡಿ ಹಾಕಿದೆ, ಒಂದರ ಹಾಗೆ ಒಂದಿಲ್ಲ, ಹಿತ್ತಾಳೆಯದು, ಕೊಂಬಿನದು, ಮುತ್ತಿನ ಚಿಪ್ಪಿನದು. ಒಳಗೆ ಕತ್ತಿನ ಹತ್ತಿರ, ಅಂದರೆ ಮನುಷ್ಯರಾಗಿದ್ದರೆ ಕತ್ತು ಇರಬೇಕಾದ ಜಾಗದಲ್ಲಿ, ನಮ್ಮ ಅಂಗಡಿಯ ಹೆಸರಿನ ಪಟ್ಟಿ. ಇಷ್ಟೂ ಸಾಲದೆಂಬಂತೆ ಎರಡೂ ಪಕ್ಕದಲ್ಲಿ ಒಂದೊಂದು ಗೇಣು ಬಟ್ಟೆಯನ್ನು ಒಳಗೆ ಮಡಚಿ ಹೊಲಿದರು. ಮಕ್ಕಳ ಬಟ್ಟೆಗೆ ಬೆಳೆಯುವ ಮಡಿಕೆ ಬಿಡುವುದು ನಮ್ಮಲ್ಲಿ ಪದ್ಧತಿ. ಮಗು ಬೆಳೆದಂತೆ ಮಡಿಕೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು. ಮೊಮ್ಮಗಳು ಬೆಳೆಯುತ್ತಾಳಲ್ಲ, ಡೇರೆಯೂ ಬೆಳೆಯಬೇಕು.

ಶನಿವಾರ ಮಧ್ಯಾಹ್ನ ತಮ್ಮ ರಾಜ್ಯಕ್ಕೆ ಬಂದು ಒಂಬತ್ತನೇ ಜಾಗದಲ್ಲಿ, ನಲ್ಲಿಗೂ ಕಲ್ಲಿನ ಮೇಜಿಗೂ ನಡುವೆ, ಡೇರೆ ನಿಲ್ಲಿಸಿದೆವು. ಕೆರೆಯ ಮೇಲಿಂದ ತಂಪು ಗಾಳಿ, ಆಚೆ ದಡದಲ್ಲಿ ಸಣ್ಣ ದೋಣಿಗಳು, ಸುತ್ತ ಹಳದಿ ನೀಲಿ ಬಾಡಿಗೆ ಡೇರೆಗಳು ಅಣಬೆಗಳ ಹಾಗೆ, ನಡುವೆ ನಮ್ಮದೊಂದು ಇಸ್ತ್ರಿ ಮಾಡಿದ ಖಾಕಿ ಕೋಟಿನ ಹಾಗೆ ಅಚ್ಚುಕಟ್ಟಾಗಿ ನಿಂತಿತ್ತು. ನಮ್ಮವರ ಮುಖ ನೋಡಿದೆ. ನಗಲಿಲ್ಲ, ಆದರೆ ನಗುವುದಕ್ಕೆ ಅಳತೆ ತೆಗೆದುಕೊಳ್ಳುತ್ತಿದ್ದಂತಿತ್ತು. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು ಎಲ್ಲರೂ ಒಂದು ಗಳಿಗೆ ಒರಗೋಣ ಎಂದು ಒಳಗೆ ಹೋದೆವು. ಮಗಳು, ಅಳಿಯ, ಮೊಮ್ಮಗಳು, ನಾನು, ನಾಲ್ವರೂ ಕಾಜದಲ್ಲಿ ಗುಂಡಿ ಕೂತಂತೆ ಕೂತೆವು, ಕೂದಲೆಳೆಯ ಜಾಗ ಹೆಚ್ಚಿಲ್ಲ, ಕೂದಲೆಳೆಯ ಜಾಗ ಕಡಿಮೆಯಿಲ್ಲ. ಮಗ್ಗುಲು ತಿರುಗುವವರು ಮಾತ್ರ ಮೊದಲೇ ತಿಳಿಸಿ ಎಲ್ಲರೂ ಒಟ್ಟಿಗೆ ತಿರುಗಬೇಕು.

ಆಗ ಬಾಗಿಲಲ್ಲಿ ಬಗ್ಗಿ ನಿಂತ ಯಜಮಾನರನ್ನು ಮೊಮ್ಮಗಳು ಕೇಳಿದಳು, "ತಾತ, ನೀನೆಲ್ಲಿ ಮಲಗ್ತೀಯ?"

ಮಾನ್ಯರೇ, ಯಜಮಾನರು ತಮ್ಮ ಸ್ವಂತ ಅಳತೆಯನ್ನೇ ತೆಗೆದುಕೊಂಡಿರಲಿಲ್ಲ. ನಲವತ್ತೊಂದು ವರ್ಷ ಟೇಪು ಹಿಡಿದವರು ಅವರೇ, ಹಾಗಾಗಿ ಟೇಪಿನ ಈ ತುದಿಯಲ್ಲಿ ಅವರಿದ್ದರು, ಆ ತುದಿಯಲ್ಲಿ ಊರಿತ್ತು. ಹಾಕಿಕೊಳ್ಳುವುದಾದರೂ ಏನು? ಗಿರಾಕಿಗಳು ಹೊಲಿಸಿ ಒಯ್ಯದೆ ಬಿಟ್ಟ ಅಂಗಿಗಳನ್ನೇ. ಒಂದಕ್ಕೆ ತೋಳು ಉದ್ದ, ಇನ್ನೊಂದಕ್ಕೆ ಹೊಟ್ಟೆ ದೊಡ್ಡದು. ಅಳತೆ ಪುಸ್ತಕದಲ್ಲಿ ಊರಿನವರೆಲ್ಲರ ಹೆಸರಿದೆ, ಅವರದಿಲ್ಲ. ಇದನ್ನು ನಾನೂ ಅಂದೇ ಗಮನಿಸಿದ್ದು ಎಂದು ತಮ್ಮಲ್ಲಿ ಮಾತ್ರ ಹೇಳುತ್ತಿದ್ದೇನೆ. ಇದು ಬಹಿರಂಗ ಪತ್ರ ಎಂಬುದು ಮರೆತಿಲ್ಲ, ಆದರೂ.

"ನಂದೇನು, ಇಲ್ಲೇ ಒರಗ್ತೀನಿ" ಎಂದು ಅವರು ಗಿಡ್ಡಗಿರುವ ಮೊಮ್ಮಗಳ ಕಾಲ ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ಸೊಂಟದವರೆಗೆ ಒಳಗೆ ತೂರಿಕೊಂಡರು. ಸೊಂಟದಿಂದ ಕೆಳಗಿನದು ಹೊರಗೆ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಊರಿಗೆಲ್ಲ ಹೇಳುವುದು ಸುಲಭ, ಹಾಸಿಗೆ ಹೊಲಿದವನೇ ಕಾಲಿಗೆ ಜಾಗ ಬಿಡದಿದ್ದರೆ ಯಾವ ಗಾದೆ ಹೇಳಬೇಕು? ಬಾಗಿಲಿನ ಕೆಳಗಿನ ನಾಲ್ಕು ಗುಂಡಿ ಬಿಚ್ಚಿಯೇ ಇರಬೇಕಾಯಿತು. ಹೊರಗೆ ಎರಡು ಪಾದ, ಪಕ್ಕದಲ್ಲಿ ಬಿಸಿಲಿಗೆ ಮಿರಮಿರ ಮಿಂಚುವ ನಾಲ್ಕು ಗುಂಡಿ.

ತಮ್ಮ ಪ್ರವೇಶ ಇಲ್ಲಿಂದ. ತಮ್ಮ ನಡಿಗೆಯನ್ನು ಹೊಗಳದೆ ಮುಂದೆ ಹೋಗಲಾರೆ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿವೃತ್ತ ಮುಖ್ಯೋಪಾಧ್ಯಾಯರು ವಾಯುವಿಹಾರಕ್ಕೆ ಹೊರಟಂತೆ, ಎದೆ ಮುಂದೆ ಹಾಕಿ, ಯಾರನ್ನು ಕಂಡರೂ ಕಾಣದ ಹಾಗೆ ಬಂದಿರಿ. ನಾನು ಒಳಗಿನಿಂದಲೇ ನೋಡಿ "ಶ್, ಬಾತುಕೋಳಿ!" ಎಂದೆ, ಮೊಮ್ಮಗಳು "ಅಜ್ಜೀ, ಅದು ಹೆಬ್ಬಾತು" ಎಂದು ತಿದ್ದಿದಳು. ಆ ತಪ್ಪಿಗೆ ಕ್ಷಮೆ ಕೋರುತ್ತೇನೆ. ಆದರೆ ಆ ತಪ್ಪಿಗೆ ತಾವು ಕೊಟ್ಟ ಶಿಕ್ಷೆ ನನಗಲ್ಲ, ಏನೂ ಅರಿಯದ ಹೆಬ್ಬೆರಳಿಗೆ. ನಮ್ಮವರು ಕೂಗಿದ ಕೂಗಿಗೆ ನಾಲ್ವರೂ ಒಟ್ಟಿಗೆ ಎದ್ದೆವು, ಡೇರೆಯೂ ನಮ್ಮ ಜೊತೆ ಎದ್ದಿತು, ಅಷ್ಟು ಸರಿಯಾದ ಅಳತೆ. ನಾವು ಹೊರಗೆ ಬರುವಷ್ಟರಲ್ಲಿ ತಾವು ನಾಲ್ಕೂ ಗುಂಡಿಗಳನ್ನು ಒಂದೊಂದಾಗಿ ಕಿತ್ತು, ಕೆರೆಯ ಅಂಚಿಗೆ ಕೊಂಡೊಯ್ದಾಗಿತ್ತು. ತಿಂದಿದ್ದರೆ ಹಸಿವು ಎನ್ನುತ್ತಿದ್ದೆ. ಬುಳುಕ್, ಬುಳುಕ್ ಎಂದು ನೀರಿಗೆ ಎಸೆದು, ಪ್ರತಿಯೊಂದಕ್ಕೂ ನನ್ನ ಕಡೆ ತಿರುಗಿ ನೋಡಿದಿರಲ್ಲ, ಅದಕ್ಕೆ ಏನೆನ್ನಲಿ? ನನ್ನ ಕೈಹೊಲಿಗೆಯ ಗುಂಡಿ ನಲವತ್ತೊಂದು ವರ್ಷದಲ್ಲಿ ಒಂದೂ ಉದುರಿದ್ದಿಲ್ಲ. ಬಟ್ಟೆ ಹರಿದರೂ ಗುಂಡಿ ಉಳಿಯುತ್ತಿತ್ತು. ತಮ್ಮ ಕೊಕ್ಕಿಗೆ ಇಂಥ ಕೈಚಳಕ ಎಲ್ಲಿಂದ ಬಂತೆಂದು ತಿಳಿಯುವ ಆಸೆ ಇದೆ, ಸಾಧ್ಯವಾದರೆ ಲಿಖಿತವಾಗಿ ತಿಳಿಸಬೇಕು.

ಗಲಾಟೆ ಕೇಳಿ ನಾಲ್ಕು ಗಂಟೆಗೆ ಉದ್ಯಾನದ ಮೇಲ್ವಿಚಾರಕಿ ಬಂದಳು. ನನ್ನ ಮಗಳ ವಯಸ್ಸು, ಹಸಿರು ಸಮವಸ್ತ್ರದ ಕೋಟು, ಹಿತ್ತಾಳೆ ಗುಂಡಿ, ಕತ್ತಿನಲ್ಲಿ ಸೀಟಿ. ನಾನು ತಮ್ಮ ಮೇಲೆ ದೂರು ಹೇಳಲು ಬಾಯಿ ತೆರೆದರೆ ಆಕೆ ಡೇರೆಯನ್ನು ಸುತ್ತು ಬಂದು, ಕಂಪನಿಯ ಗುರುತು ಎಲ್ಲಿ ಎಂದು ಕೇಳಿದಳು. ನಮ್ಮವರು ತಲೆ ಒಳಗೆ ಹಾಕಿ ಅಂಗಡಿಯ ಪಟ್ಟಿ ತೋರಿಸಿದರು. ಆಕೆ ಮೆತ್ತಗೆ ಹೇಳಿದಳು, "ತಾತ, ಇದು ಅಂಗಿ ಕಾಲರಿನ ಪಟ್ಟಿ. ಗುರುತು ಇಲ್ಲದ ಟೆಂಟಿಗೆ ಇಲ್ಲಿ ಅನುಮತಿ ಇಲ್ಲ. ಬೇಜಾರು ಮಾಡ್ಕೋಬೇಡಿ, ನಾಳೆ ಬೆಳಿಗ್ಗೆ ಹತ್ತರೊಳಗೆ ಬಿಚ್ಚಿ, ಬಾಡಿಗೆ ಟೆಂಟು ಕೊಡಿಸ್ತೀನಿ." ಅಳಿಯಂದಿರು, ಟಿಕೆಟ್ ಇಲ್ಲದವರನ್ನು ಬಸ್ಸಿನಿಂದ ಇಳಿಸಿ ಅಭ್ಯಾಸವಾದವರು, "ನಿಯಮ ಅಂದ್ಮೇಲೆ ನಿಯಮ ಅತ್ತೆ" ಎಂದರು. ನಾನು ಅವರನ್ನು ನೋಡಿದ ನೋಟಕ್ಕೆ ಅವರು ಕೆರೆಯ ಕಡೆ ನಡೆದುಬಿಟ್ಟರು.

ಯಜಮಾನರು ವಾದ ಮಾಡಲಿಲ್ಲ. ಕತ್ತರಿಯನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಟವೆಲ್ಲು ಹೊದಿಸಿ, ನನಗೆ ಮಾತ್ರ ಕೇಳುವ ಹಾಗೆ, "ಸೋಮವಾರ ಅಂಗಡಿ ಬೀಗದಕೈ ಮಾಲೀಕರಿಗೆ ವಾಪಸ್ ಕೊಟ್ಟುಬಿಡೋಣ ಕಣೇ. ಒಂದು ಚಡ್ಡಿ ತಪ್ಪಿದ್ರೆ ಕೈ ನಡುಗ್ತು ಅನ್ಬೋದು. ನನ್ನನ್ನೇ ಬಿಟ್ಟು ಕತ್ತರಿಸಿದೀನಿ ಅಂದ್ರೆ ತಲೇನೇ ಹೋಯ್ತು ಅಂತ" ಎಂದರು. ಆ ಸಂಜೆ ತಾವು ನೀರಿನ ಮೇಲೆ ತೇಲುತ್ತ ಸೂರ್ಯಾಸ್ತವನ್ನು ಸವಿಯುತ್ತಿದ್ದಿರಿ. ನಾನು ದಡದಲ್ಲಿ ಕೂತು ತಮ್ಮನ್ನು ಯಾವ ಅಳತೆಯ ದಿಂಬಿಗೆ ತುಂಬಬಹುದು ಎಂದು ಲೆಕ್ಕ ಹಾಕುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಭಾನುವಾರ ಹತ್ತಕ್ಕೆ ಸರಿಯಾಗಿ ಆಕೆ ಕಾಗದ ಪೆನ್ನು ಹಿಡಿದು ಬಂದಳು. ತಾವೂ ಬಂದಿರಿ. ಆಕೆ ಗೂಟ ಕಿತ್ತಿದ್ದಾರೋ ಇಲ್ಲವೋ ನೋಡಲು ಕುಕ್ಕರಗಾಲಲ್ಲಿ ಕೂತಳು; ಕೂತದ್ದರಿಂದ ಕೋಟಿನ ನಡುವಿನ ಹಿತ್ತಾಳೆ ಗುಂಡಿ ತಮ್ಮ ಕೊಕ್ಕಿನ ಎತ್ತರಕ್ಕೆ ಸರಿಯಾಯಿತು. ಸರ್ಕಾರಿ ಗುಂಡಿ, ಬಡವರ ಗುಂಡಿ ಎಂಬ ಭೇದವನ್ನು ತಾವು ಮಾಡಲಿಲ್ಲ, ಇದು ತಮ್ಮ ಗುಣಗಳಲ್ಲಿ ದೊಡ್ಡದು. ಒಂದೇ ಎಳೆತ, ನೇರ ಕೆರೆಗೆ, ಬುಳುಕ್. ಹನ್ನೆರಡು ಡೇರೆಗಳ ಜನ ನಕ್ಕರು. ಆಕೆ ಕೋಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಳು, ಮುಖ ಕೆಂಪಗಾಯಿತು. ಇದಕ್ಕೆ ಹಿಂದೆ ನಕ್ಕ ಒಬ್ಬ ತಾಯಿಯ ಕಥೆ ತಮಗೆ ಹೇಳಿದ್ದೇನೆ. ನಗುವವರ ನಡುವೆ ನಿಲ್ಲುವುದು ಹೇಗಿರುತ್ತದೆ ಎಂದು ಗೊತ್ತಿದ್ದವರು ಅಲ್ಲಿ ಒಬ್ಬರಿದ್ದರು, ಅವರೇ ಎದ್ದರು.

"ನೆಟ್ಟಗೆ ನಿಂತ್ಕೋಮ್ಮ. ಕೈ ಇಳಿಬಿಡು. ಯಾರು ಕತ್ತರಿಸಿದ್ದು ಇದನ್ನ?" ಎಂದು ಯಜಮಾನರು ಕೇಳಿದರು. ಇಲಾಖೆ ಕೊಟ್ಟದ್ದು ಎಂದಳು. "ಇಲಾಖೆಗೆ ಭುಜ ಇರಲ್ಲ, ನಿನಗಿದೆ. ಎಡಗಡೆ ಅರ್ಧ ಇಂಚು ಕೆಳಗೆ ಎಳೀತಿದೆ ನೋಡು. ಸಂಜೆ ಹೊತ್ತಿಗೆ ಕತ್ತು ಹಿಡ್ಕೊಳ್ಳುತ್ತಾ?" ಆಕೆ ಅವರನ್ನೇ ನೋಡಿದಳು. ನಾಲ್ಕು ವರ್ಷದಿಂದ ಹಿಡಿದುಕೊಳ್ಳುತ್ತದೆ, ದಿಂಬು ಬದಲಾಯಿಸಿದೆ, ಎಣ್ಣೆ ಹಚ್ಚಿದೆ, ಡಾಕ್ಟರ ಹತ್ತಿರ ಹೋದೆ ಎಂದಳು. ಆ ಡಾಕ್ಟರು ಕೋಟಿನ ಭುಜವನ್ನು ನೋಡಿರಲಿಲ್ಲ, ಪಾಪ, ಅದು ಅವರ ಓದಿನಲ್ಲಿ ಬರುವುದಿಲ್ಲ.

ಕಲ್ಲಿನ ಮೇಜಿನ ಮೇಲೆ ಕೋಟು ಹರವಿದೆವು. ಮೊಮ್ಮಗಳು ಸೂಜಿಗೆ ದಾರ ಪೋಣಿಸಿಕೊಟ್ಟಳು. ಯಜಮಾನರು ಮೊಣಕೈಯನ್ನು ಕಲ್ಲಿಗೆ ಊರಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಗೆರೆ ನೂಲು ಹಿಡಿದಂತೆ ಬಂತು. ಆಮೇಲೆ ಚೀಲದ ತಳದಿಂದ ಕತ್ತರಿ ತೆಗೆದರು. ಬಟ್ಟೆಯ ಹತ್ತಿರ ತಂದರೆ ಕತ್ತರಿಯ ತುದಿ ನಡುಗಿತು. ನಾನು ಕೆರೆಯ ಕಡೆ ನೋಡುವಂತೆ ನಟಿಸಿದೆ. ಮಾನ್ಯರೇ, ಅವರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವುದಿರಲಿ, ನಾನು ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದರು. ಆ ಕತ್ತರಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಚಿದರು. "ಗೆರೆ ನಂದು. ಕೈ ನಿಂದು. ಗೆರೆ ಬಿಟ್ಟು ಹೋದ್ರೆ ನೋಡು" ಎಂದರು. ನಾನು ಗೆರೆ ಬಿಟ್ಟು ಹೋಗಲಿಲ್ಲ. ಕಣ್ಣು ಮಂಜಾದದ್ದು ಬಿಸಿಲಿಗೆ.

ಭುಜ ಎತ್ತಿ ಹೊಲಿದೆ. ಡೇರೆಯ ಬಾಗಿಲಿನ ಮೇಲ್ತುದಿಯ ಮೊದಲ ಗುಂಡಿ, ಹಿತ್ತಾಳೆಯದು, ಬಿಚ್ಚಿ ಆಕೆಯ ಕೋಟಿಗೆ ಹಾಕಿದೆ. ಆಕೆ ತೊಟ್ಟು, ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ, ಮತ್ತೊಮ್ಮೆ ತಿರುಗಿಸಿದಳು. ಆದರೂ ನಿಯಮದ ಕಾಗದ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಲಿ ಎಂದು ಅವಳಿಗೂ ತಿಳಿಯಲಿಲ್ಲ. ಆಗ ನಮ್ಮ ಅಳಿಯಂದಿರು, ಬೆಳಿಗ್ಗೆಯಿಂದ ಬಾಗಿಲಿನ ಫಲಕದ ಮುಂದೆ ನಿಂತು ನಲವತ್ತು ನಿಯಮವನ್ನೂ ಒಂದಕ್ಷರ ಬಿಡದೆ ಓದಿ ಬಂದವರು, ಟಿಕೆಟ್ ಕೇಳುವ ಗಂಟಲಲ್ಲಿ ಹೇಳಿದರು: "ಹದಿನಾಲ್ಕನೇ ನಿಯಮ. ತಯಾರಿಸಿದವರ ಗುರುತು ಹೊರಗಿನಿಂದ ಕಾಣುವಂತಿರಬೇಕು. ಅಷ್ಟೇ ಇರೋದು. ಕಂಪನಿ ಅಂತ ಎಲ್ಲೂ ಬರೆದಿಲ್ಲ. ಗುರುತು ನಮ್ಮ ಹತ್ರ ಇದೆ, ಒಳಗಿದೆ. ಅದು ತಪ್ಪು, ಒಪ್ಕೋತೀನಿ." ಆಕೆ ತಾನೇ ಹೋಗಿ ಫಲಕ ಓದಿ ಬಂದಳು. "ಹಾಗಾದ್ರೆ ಹೊರಗೆ ಹಾಕಿ ಅಜ್ಜಿ, ಅರ್ಧ ಗಂಟೆ ಕೊಡ್ತೀನಿ" ಎಂದಳು. ನನಗೆ ಹತ್ತು ನಿಮಿಷ ಸಾಕಾಯಿತು. ಅಳಿಯಂದಿರ ಬಗ್ಗೆ ಎಂಟು ವರ್ಷದಿಂದ ನಾನು ಆಡಿರುವ ಮಾತುಗಳಲ್ಲಿ ಒಂದನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ಯಾವುದೆಂದು ಹೇಳುವುದಿಲ್ಲ, ಅವರು ಯೋಚನೆ ಮಾಡುತ್ತಿರಲಿ.

ಉಳಿದದ್ದು ತಾತ ಎಲ್ಲಿ ಮಲಗುವುದು ಎಂಬ ಪ್ರಶ್ನೆ. ಪಕ್ಕದ ಮಡಿಕೆ ಬಿಚ್ಚಿದರೆ ಜಾಗವಾಗುತ್ತದೆ ಎಂದೆ. ಕೂಡದು ಎಂದರು; ಅದು ಮಗುವಿಗೆ ಬೆಳೆಯಲು ಬಿಟ್ಟದ್ದು, ದರ್ಜಿ ಅದಕ್ಕೆ ಕೈ ಹಾಕಬಾರದು. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು, ನನ್ನ ಹಾಗೇ ನಿಂತು, "ನಾನೇನು ಇವತ್ತೇ ಬೆಳೀತೀನಾ? ನಾನು ಬೆಳೆಯೋವರೆಗೂ ನೀನು ಮಲಕ್ಕೋ ತಾತ" ಎಂದಳು. ನಾನು ಟೇಪು ಕಿತ್ತುಕೊಂಡೆ. "ನಿಂತ್ಕೊಳ್ರೀ" ಎಂದೆ. ಕೆರೆಯ ದಂಡೆಯಲ್ಲಿ, ಯಾರದೋ ಅಳತೆಯ ಅಂಗಿಯಲ್ಲಿ, ಶಾಲೆಯ ಮೊದಲ ದಿನದ ಹುಡುಗನ ಹಾಗೆ ಕೈ ಇಳಿಬಿಟ್ಟು ನಿಂತರು. ಭುಜ ಹದಿನೇಳು. ಎದೆ ಮೂವತ್ತಾರು. ತೋಳು ಇಪ್ಪತ್ತಮೂರುವರೆ. ಟೇಪು ಕತ್ತಿಗೆ ಸುತ್ತಿದಾಗ ಕಚಗುಳಿಗೆ ನಕ್ಕರು. ನಲವತ್ತೊಂದು ವರ್ಷ ಎಷ್ಟು ಜನರನ್ನು ಹಾಗೆ ನಗಿಸಿದ್ದರೋ, ತಮಗೂ ಕಚಗುಳಿ ಇದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಎರಡೂ ಮಡಿಕೆ ಬಿಚ್ಚಿ ಹದಿನೆಂಟು ಇಂಚು ಸಿಕ್ಕಿತು. ಅವರಿಗೆ ಹದಿನೇಳು, ಉಳಿದ ಒಂದು ಇಂಚು ನಾವೈವರೂ ಮಗ್ಗುಲು ತಿರುಗುವುದಕ್ಕೆ. ಮಧ್ಯಾಹ್ನ ಐವರೂ ಒಳಗೆ ಮಲಗಿ, ಗುಂಡಿ ಹೋದ ಐದು ಕಾಜಕ್ಕೆ ಕಡ್ಡಿ ಚುಚ್ಚಿ ಬಾಗಿಲು ಹಾಕಿಕೊಂಡೆವು. ತಾವು ಬಂದು ಕಡ್ಡಿಗಳನ್ನು ನೋಡಿ, ಮುಖ ತಿರುಗಿಸಿ ಹೋದದ್ದನ್ನು ಬಾಗಿಲ ಸಂದಿಯಿಂದ ನೋಡಿದೆ.

ಈಗ ನನ್ನ ಬೇಡಿಕೆಗಳು, ನಡೆಸಿಕೊಡುವ ಕೃಪೆ ಮಾಡಬೇಕು. ಕೆರೆಯ ತಳದಲ್ಲಿರುವ ನಮ್ಮ ನಾಲ್ಕು ಗುಂಡಿ ಮತ್ತು ಇಲಾಖೆಯ ಒಂದು ಗುಂಡಿಯನ್ನು ತೆಗೆದು, ತೊಳೆದು, ಒರೆಸಿ, ತಾವೇ ಖುದ್ದಾಗಿ ನಮ್ಮ ಅಂಗಡಿಗೆ ತಂದೊಪ್ಪಿಸಬೇಕು. ಬಸ್ಸಿನಲ್ಲಿ ಬರುವುದಾದರೆ ಟಿಕೆಟ್ ತೆಗೆದುಕೊಳ್ಳಿ, ಅಳಿಯಂದಿರು ತಮ್ಮವರು ಪರರು ಎಂದು ನೋಡುವವರಲ್ಲ. ಮನುಷ್ಯನ ಹೆಬ್ಬೆರಳಿಗೂ ಬ್ರೆಡ್ಡಿನ ತುಂಡಿಗೂ ಇರುವ ವ್ಯತ್ಯಾಸವನ್ನು ತಮ್ಮ ಮರಿಗಳಿಗಾದರೂ ಕಲಿಸಬೇಕು. ಮತ್ತು ಉದ್ಯಾನದವರು ತಮ್ಮನ್ನೇ ಮೇಲಧಿಕಾರಿಯಾಗಿ ನೇಮಿಸಬೇಕೆಂದು ನನ್ನ ಶಿಫಾರಸು ಇದೆ. ನಾನು ಮೂರು ವಾರ ಬೈದು, ಅತ್ತು, ಗೋಗರೆದು ಮಾಡಲಾಗದ್ದನ್ನು ತಾವು ಒಂದು ಕೊಕ್ಕಿನಲ್ಲಿ ಮಾಡಿದಿರಿ. ಉದ್ದೇಶ ಒಳ್ಳೆಯದಿರಲಿಲ್ಲ, ಆದರೆ ಒಳ್ಳೆಯ ಉದ್ದೇಶದವರಿಂದ ಆದದ್ದನ್ನೂ ನಾನು ಕಂಡಿದ್ದೇನೆ.

ಸೋಮವಾರ ಬೀಗದಕೈಯಿಂದ ಬೀಗವನ್ನೇ ತೆಗೆದೆವು ಎಂದು ತಿಳಿಸಲು ಸಂತೋಷಪಡುತ್ತೇನೆ. ಈಗ ಅವರು ಗೆರೆ ಎಳೆಯುತ್ತಾರೆ, ನಾನು ಕತ್ತರಿಸುತ್ತೇನೆ, ದಿನವಿಡೀ "ಗೆರೆ ಬಿಡ್ತಿದೀಯ", "ಕಣ್ಣಿದೆ ನನಗೆ" ಎಂದು ಇಬ್ಬರೂ ಜಗಳವಾಡುತ್ತೇವೆ. ಎರಡು ಜನದ ಜಗಳವನ್ನು ಒಬ್ಬಳೇ ಆಡುವ ಕಷ್ಟ ತಪ್ಪಿದೆ. ಮೇಲ್ವಿಚಾರಕಿ ತನ್ನ ಇಬ್ಬರು ಗೆಳತಿಯರ ಕೋಟುಗಳನ್ನೂ ತಂದುಕೊಟ್ಟಿದ್ದಾಳೆ. ಮೊದಲು ಹೊಲಿದದ್ದು ಮಾತ್ರ ಅವರದಲ್ಲ. ಅಳತೆ ಪು​ಸ್ತಕದ ಕೊನೆಯ ಹಾಳೆಯದು, ಬಿಳಿ ಬಟ್ಟೆಯ ಅಂಗಿ, ತೋಳು ಇಪ್ಪತ್ತಮೂರುವರೆ. ತೊಟ್ಟುಕೊಂಡು ಕನ್ನಡಿಯಲ್ಲಿ ನೋಡಿ, "ಯಾರೋ ಚೆನ್ನಾಗಿ ಕತ್ತರಿಸಿದಾರೆ" ಎಂದರು.

ಹೆಬ್ಬೆರಳಿನ ನೋವಿನೊಂದಿಗೂ ಟವೆಲ್ಲಿನ ಅಚ್ಚಿನೊಂದಿಗೂ ತಮ್ಮನ್ನು ದಿನವೂ ನೆನೆಯುವ,

ತಮ್ಮ ವಿಶ್ವಾಸಿ,
ಒಂಬತ್ತನೇ ಜಾಗದ ಅಜ್ಜಿ,
ಕಾಜ, ಗುಂಡಿ ಮತ್ತು ಈಗ ಕತ್ತರಿ

ತಾ.ಕ.: ಮುಂದಿನ ವರ್ಷಕ್ಕೂ ಒಂಬತ್ತನೇ ಜಾಗವನ್ನೇ ಕಾಯ್ದಿರಿಸಿದ್ದೇವೆ. ಹೊರಡುವಾಗ ಯಜಮಾನರು ತಮ್ಮನ್ನು ದೂರದಿಂದಲೇ ಕಣ್ಣಳತೆಯಲ್ಲಿ ನೋಡಿಕೊಂಡು ಎದೆ, ಕತ್ತು, ಉದ್ದ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಬರುವಾಗ ತಮಗೊಂದು ಕೋಟು ತರುತ್ತಾರಂತೆ. ಗುಂಡಿ ಯಾವುದು ಹಾಕೋಣ ಎಂದು ಕೇಳಿದೆ. ಗುಂಡಿ ಬೇಡ, ಇವರಿಗೆ ಜಿಪ್ಪೇ ಸರಿ ಎಂದರು. ನಮ್ಮ ಅಂಗಡಿ ಶುರುವಾದಾಗಿನಿಂದ ಜಿಪ್ಪು ಹಾಕುತ್ತಿರುವುದು ಇದೇ ಮೊದಲು. ಕಾರಣವನ್ನು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದಿಸಿಕೊಳ್ಳಿ.